ಅಯಸ್ಕಾಂತಕ್ಕೂ ಟೆನ್ಷನ್

ಪಿಎಚ್‌ಡಿ ಮಾಡುತ್ತಿದ್ದ ಕಾಲದಲ್ಲಿ ನಾನು ಜರಗನಹಳ್ಳಿಯ ಒಂದು ಬಾಡಿಗೆ ಮನೆಯಲ್ಲಿದ್ದೆ. ಲ್ಯಾಬ್ ಊರಿನ ಆ ತುದಿಗೆ, ಮನೆ ಈ ತುದಿಗೆ. ಇಷ್ಟು ದೂರ ಯಾಕೆ ಎಂದು ಎಲ್ಲರೂ ಕೇಳುತ್ತಿದ್ದರು. ಅಕ್ಕ ಮದುವೆಯಾಗಿ ಜೆ.ಪಿ. ನಗರಕ್ಕೆ ಬಂದಿದ್ದಳು. ನಾನು ಅವಳ ಮನೆಗೆ ನಡೆದು ಹೋಗುವಷ್ಟು ಹತ್ತಿರ ಇರಬೇಕು, ಆದರೆ ಅವಳ ಮನೆಯಲ್ಲಿ ಮಾತ್ರ ಇರಬಾರದು ಎಂಬುದು ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರ ಮಾಡುವ ನಮ್ಮಪ್ಪ ಯೋಚಿಸಿ ಮಾಡಿದ ಏರ್ಪಾಡು.

ಮನೆಯ ಓನರ್ ಅಂಕಲ್ ಜರಗನಹಳ್ಳಿಯವರೇ. ಈಗ ಮೆಟ್ರೋ ಕಂಬಗಳಿರುವ ಕಡೆಯಲ್ಲೆಲ್ಲ ಒಂದು ಕಾಲಕ್ಕೆ ಅವರ ಮನೆತನದವರು ರಾಗಿ, ಅವರೆ ಬೆಳೆಯುತ್ತಿದ್ದರಂತೆ. ಹೊಲವೆಲ್ಲ ಲೇಔಟ್ ಆದಮೇಲೆ ಮಹಡಿಯ ಮೇಲೆ ಮಹಡಿ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದರು. ಮನುಷ್ಯ ಕಡ್ಡಿಯ ಹಾಗೆ ಸಣಕಲು. ರಸ್ತೆಯ ಎದುರು ಮನೆ ಅವರ ಅಣ್ಣನದು. ಅಣ್ಣ ದುಂಡಗೆ, ದಪ್ಪಗೆ, ಬಾಗಿಲ ತುಂಬ ಕಾಣುತ್ತಿದ್ದರು. ಇಬ್ಬರಿಗೂ ಮಾತು ನಿಂತು ಎಷ್ಟೋ ಕಾಲವಾಗಿತ್ತು. ಹೇಳಲೇಬೇಕಾದದ್ದು ಬಂದರೆ ಬಾಡಿಗೆದಾರರ ಮೂಲಕ ಹೇಳುತ್ತಿದ್ದರು.

"ಏನಮ್ಮಾ, ಟ್ಯಾಂಕ್ ತುಂಬಿ ಹರೀತಾ ಐತೆ ಅಂತ ನಿಮ್ ಓನರ್‌ಗೆ ಹೇಳು" ಎಂದು ಅಣ್ಣ ಆಚೆ ದಡದಿಂದ ಕೂಗುತ್ತಿದ್ದರು. ಓನರ್ ಅಂಕಲ್ ನನ್ನ ಪಕ್ಕದಲ್ಲೇ ನಿಂತಿರುತ್ತಿದ್ದರು.

"ಗೊತ್ತಾಯ್ತಂತೆ ಅನ್ನಮ್ಮ" ಎನ್ನುತ್ತಿದ್ದರು ಇವರು.

"ಗೊತ್ತಾಯ್ತಂತೆ ಅಂಕಲ್" ಎಂದು ನಾನು ಕೂಗಬೇಕಾಗಿತ್ತು. ಆಮೇಲಷ್ಟೇ ಮೋಟರ್ ಆಫ್ ಆಗುತ್ತಿತ್ತು.

ದಸರಾ ರಜೆಯಲ್ಲಿ ಲ್ಯಾಬ್ ಮುಚ್ಚಿದ್ದರಿಂದ ನನ್ನದೊಂದು ಪಾರ್ಸೆಲ್ಲನ್ನು ಮನೆಯ ವಿಳಾಸಕ್ಕೆ ತರಿಸಿಕೊಂಡಿದ್ದೆ. ಎಲ್ಲದಕ್ಕೂ ಕಾರಣ ಅದೇ. ಓನರ್ ಅಂಕಲ್ ಸಹಿ ಹಾಕಿ ತೆಗೆದುಕೊಂಡು, ಹಾವು ಹಿಡಿದವರ ಹಾಗೆ ಕೈ ಚಾಚಿಕೊಂಡು ಮೇಲಕ್ಕೆ ತಂದುಕೊಟ್ಟರು. ಬಿಚ್ಚುವ ತನಕ ಕದಲಲಿಲ್ಲ. ದೊಡ್ಡ ಡಬ್ಬದೊಳಗೆ ಚಿಕ್ಕ ಡಬ್ಬ, ಅದರೊಳಗೆ ಸ್ಪಂಜು, ಸ್ಪಂಜಿನೊಳಗೆ ಹೆಬ್ಬೆರಳಿನ ಉಗುರಿಗಿಂತ ಚಿಕ್ಕವಾದ, ಗಾಜಿನಂಥ ಚೌಕದ ಚೂರುಗಳು.

"ಮೋಸ ಮಾಡವ್ರೆ ಕಣಮ್ಮ. ವಾಪಸ್ ಕಳ್ಸು" ಎಂದರು.

ಮೋಸವಲ್ಲ, ಇದೇ ನನ್ನ ಕೆಲಸದ ವಸ್ತು ಎಂದೆ. ಹಾಗಾದರೆ ಕೆಲಸ ಏನು ಎಂದು ಕೇಳಿ ಮೆಟ್ಟಿಲ ಮೇಲೆ ಕೂತೇಬಿಟ್ಟರು. ನನ್ನ ಕೆಲಸದ ಬಗ್ಗೆ ಯಾರೂ ಅಷ್ಟು ಆಸಕ್ತಿಯಿಂದ ಕೇಳಿದ್ದಿಲ್ಲ. ಅಕ್ಕ, ಭಾವ ಎಲ್ಲ "ಮ್ಯಾಗ್ನೆಟ್ಟು" ಎಂಬಲ್ಲಿಗೇ ಮುಗಿಸುತ್ತಿದ್ದರು. ಹಾಗಾಗಿ ಸ್ವಲ್ಪ ಹುಮ್ಮಸ್ಸಿನಿಂದಲೇ ಹೇಳಿದೆ. ಈ ಹರಳಿನ ಮೇಲೆ ನಾವು ಒಂದು ಆಕ್ಸೈಡ್ ಪದರವನ್ನು ಬೆಳೆಸುತ್ತೇವೆ. ಮ್ಯಾಂಗನೀಸ್, ಆಮ್ಲಜನಕ, ಇನ್ನೊಂದೆರಡು ಧಾತು ಸೇರಿದ ಪದರ. ತಲೆಗೂದಲಿಗಿಂತ ಸಾವಿರಾರು ಪಟ್ಟು ತೆಳ್ಳಗೆ. ಅದು ಅಯಸ್ಕಾಂತದ ಗುಣವುಳ್ಳದ್ದು. ಕೆಳಗಿನ ಹರಳಿನಲ್ಲಿ ಪರಮಾಣುಗಳ ನಡುವಿನ ಅಂತರ ತುಸುವೇ ಹೆಚ್ಚು. ಮೇಲಿನ ಪದರದ ಪರಮಾಣುಗಳು ಅವುಗಳ ನೇರಕ್ಕೇ ಕೂರಬೇಕು.

"ಕೆಳಗಿನ್ ಪಿಲ್ಲರ್ ಮೇಲೇ ಮೇಲಿನ್ ಪಿಲ್ಲರ್ ಬರಬೇಕಲ್ವಾ, ಹಂಗೆ" ಎಂದರು ಅಂಕಲ್.

"ಹಂಗೇ ಅಂಕಲ್! ಅದಕ್ಕೆ ಮೇಲಿನ ಪದರ ಹಿಗ್ಗಬೇಕಾಗುತ್ತೆ. ಹಂಗೆ ಎಳೆದಾಗ ಅದರ ಅಯಸ್ಕಾಂತದ ಶಕ್ತಿ ಕಮ್ಮಿಯಾಗುತ್ತೆ. ಸ್ವಲ್ಪ ಬಿಸಿ ತಾಗಿದ್ರೂ ಹೋಗ್ಬಿಡುತ್ತೆ."

"ಈ ಎಳೆತಕ್ಕೆ ಏನಂತಾರೆ?"

ಟೆನ್ಸೈಲ್ ಸ್ಟ್ರೇನ್ ಎಂದೆ. ಅವರು ಕಣ್ಣು ಪಿಳಿಪಿಳಿ ಬಿಟ್ಟರು. "ಟೆನ್ಷನ್ ಅಂತ ಇಟ್ಕೊಳ್ಳಿ ಅಂಕಲ್" ಎಂದೆ.

ಅವರ ಮುಖ ಬೆಳಗಿತು. ಎದ್ದು ಪಂಚೆ ಕೊಡವಿಕೊಂಡು ಕೆಳಗಿಳಿದು ಹೋದರು. ಕೆಳಗೆ ಅಡುಗೆಮನೆಯಲ್ಲಿದ್ದ ಆಂಟಿಗೆ ಹೇಳುತ್ತಿದ್ದುದು ನನಗೆ ಕೇಳಿಸಿತು: "ಟೆನ್ಷನ್ ಆದ್ರೆ ಆಕರ್ಷಣೆ ಕಮ್ಮಿ ಆಗುತ್ತಂತೆ ಕಣೇ. ಮೇಲಿನ್ ಮನೆ ಹುಡುಗಿ ಅದರಲ್ಲೇ ಡಾಕ್ಟ್ರು."

ಮೊದಲು ಬಂದವರು ಹಿಂದಿನ ಬೀದಿಯ ಒಬ್ಬ ಹೆಂಗಸು. ಜಯನಗರದಲ್ಲಿ ಕನ್ನಡಕದಂಗಡಿ ಇಟ್ಟುಕೊಂಡಿದ್ದ ಮಗನನ್ನೂ ಕರೆದುಕೊಂಡು ಬಂದಿದ್ದರು. ನೋಡಿದ ಹೆಣ್ಣುಗಳೆಲ್ಲ ಬೇಡ ಎನ್ನುತ್ತಿದ್ದಾರೆ, ಹುಡುಗನಿಗೆ ಟೆನ್ಷನ್ ಜಾಸ್ತಿ, ಅದಕ್ಕೇ ಆಕರ್ಷಣೆ ಇಲ್ಲ, ನೀವೇ ಏನಾದರೂ ಮಾಡಬೇಕು ಎಂದರು. ನಾನು ಆ ಡಾಕ್ಟರಲ್ಲ, ಇನ್ನೂ ಯಾವ ಡಾಕ್ಟರೂ ಅಲ್ಲ ಎಂದೆ. ಅವರು ಹೂಂ ಹೂಂ ಎಂದು ತಲೆಯಾಡಿಸಿ ಮಗನನ್ನು ಕುರ್ಚಿಯ ಮೇಲೆ ಕೂರಿಸಿದರು. ಅವನು ನನಗಿಂತ ದೊಡ್ಡವನು. ಕಣ್ಣು ತಗ್ಗಿಸಿ ಕೂತಿದ್ದ. ಏನು ಮಾಡಲಿ? ಪದರದ ವಿಷಯವನ್ನೇ ಮೊದಲಿಂದ ಹೇಳಿದೆ. ಗಮನವಿಟ್ಟು ಕೇಳಿ, "ಎಳೆಯೋದ್ ಬಿಟ್ರೆ ವಾಪಸ್ ಬರುತ್ತಾ ಮೇಡಂ?" ಎಂದ.

"ತೀರಾ ಎಳೀದೇ ಇದ್ರೆ ಬರುತ್ತೆ" ಎಂದೆ.

ಅವನು ದೊಡ್ಡದೊಂದು ಉಸಿರು ಬಿಟ್ಟ. ಅವನ ತಾಯಿ ನನ್ನ ಕೈ ಹಿಡಿದು ಕಣ್ಣಿಗೊತ್ತಿಕೊಂಡರು.

ಆಮೇಲೆ ಜನ ಬರುವುದು ನಿಲ್ಲಲಿಲ್ಲ. ಭಾನುವಾರ ತಲೆಗೆ ಸ್ನಾನ ಮಾಡಿ ಕೂದಲು ಒಣಗಿಸಿಕೊಳ್ಳುತ್ತಿದ್ದರೆ ಮೆಟ್ಟಿಲ ಮೇಲೆ ಇಬ್ಬರು ಕಾದಿರುತ್ತಿದ್ದರು. ಸಾರಕ್ಕಿ ಮಾರ್ಕೆಟ್ಟಿನಲ್ಲಿ ಸೊಪ್ಪು ಕೊಳ್ಳುವಾಗ ಒಬ್ಬ ಅಜ್ಜಿ ಕೈ ಹಿಡಿದು ನಿಲ್ಲಿಸಿ, "ಎಳೆದ್ರೆ ಕಮ್ಮಿ ಆಗುತ್ತೆ, ಸರಿ. ಒತ್ತಿದ್ರೆ ಏನಾಗುತ್ತವ್ವಾ?" ಎಂದು ಕೇಳಿದರು. ಒಳ್ಳೆಯ ಪ್ರಶ್ನೆ. ನನ್ನ ಪ್ರಬಂಧದ ಒಂದು ಅಧ್ಯಾಯವೇ ಅದು. ಕೆಲವು ಪದರಗಳನ್ನು ಅಕ್ಕಪಕ್ಕದಿಂದ ಒತ್ತಿದರೆ ಅಡ್ಡಡ್ಡ ಮಲಗಿದ್ದ ಅಯಸ್ಕಾಂತದ ದಿಕ್ಕು ಎದ್ದು ನೆಟ್ಟಗೆ ನಿಲ್ಲುತ್ತದೆ ಎಂದು ಕೊತ್ತಂಬರಿ ಕಟ್ಟು ಹಿಡಿದು ತೋರಿಸಿದೆ.

"ನನ್ ಸೊಸೆ ಹಂಗೇ!" ಎಂದರು ಅಜ್ಜಿ. ಸೊಪ್ಪಿನವಳೂ ಹೌದೆಂದಳು.

ತೆಳ್ಳಗಿನ ಪದರಕ್ಕೆ ಟೆನ್ಷನ್ ಇರುತ್ತದೆ, ಒಂದು ಮಿತಿ ದಾಟಿ ದಪ್ಪವಾದರೆ ಪದರ ರಿಲ್ಯಾಕ್ಸ್ ಆಗಿಬಿಡುತ್ತದೆ ಎಂದು ಒಮ್ಮೆ ಬಾಯಿಬಿಟ್ಟೆ. ಅದು ನಿಜ. ಪುಸ್ತಕಗಳಲ್ಲೂ ಅದೇ ಪದವಿದೆ. ಮಾರನೆಯ ವಾರದಿಂದ ಓನರ್ ಆಂಟಿ ಬೆಳಗಿನ ವಾಕಿಂಗ್ ಬಿಟ್ಟರು. ಗಂಡನಿಗೆ ತುಪ್ಪ ಹಾಕಿ ಹಾಕಿ ಬಡಿಸತೊಡಗಿದರು. "ತಿನ್ನಿ, ರಿಲ್ಯಾಕ್ಸ್ ಆಗ್ತೀರಾ."

ಅಂಕಲ್ ದಪ್ಪಗಾಗಲಿಲ್ಲ. ಬದಲಿಗೆ ರಾಜ್ಯೋತ್ಸವಕ್ಕೆ ನನ್ನ ಉಪನ್ಯಾಸ ಇಡಿಸಿದರು.

ಬೀದಿಯ ಯುವಕರ ಸಂಘದವರು ಪ್ರತಿವರ್ಷ ನವೆಂಬರ್‌ನಲ್ಲಿ ರಸ್ತೆಗೆ ಅಡ್ಡಲಾಗಿ ಶಾಮಿಯಾನ ಹಾಕಿ, ಬಾವುಟ ಹಾರಿಸಿ, ಆರ್ಕೆಸ್ಟ್ರಾ ಇಡಿಸುತ್ತಿದ್ದರು. ಈ ಸಲ ಒಬ್ಬ ಸಾಧಕಿಯೂ ಇರಲಿ ಎಂದು ಅಂಕಲ್ ಹಠ ಹಿಡಿದಿದ್ದರಂತೆ. ನನ್ನನ್ನು ಯಾರೂ ಕೇಳಲಿಲ್ಲ. ಒಂದು ಬೆಳಿಗ್ಗೆ ಬಸ್‌ಸ್ಟಾಪಿಗೆ ನಡೆದು ಹೋಗುತ್ತಿದ್ದಾಗ ತಲೆಯೆತ್ತಿ ನೋಡಿದರೆ ಬಟ್ಟೆ ಬ್ಯಾನರಿನಲ್ಲಿ ನನ್ನ ಮುಖವಿತ್ತು. ಬಾಡಿಗೆ ಕರಾರಿಗೆ ಕೊಟ್ಟಿದ್ದ ಪಾಸ್‌ಪೋರ್ಟ್ ಸೈಜ್ ಫೋಟೋವನ್ನು ಮನುಷ್ಯನೆತ್ತರಕ್ಕೆ ದೊಡ್ಡದು ಮಾಡಿದ್ದರು. ಕೆಳಗೆ ಕೆಂಪಕ್ಷರದಲ್ಲಿ: "ಟೆನ್ಷನ್ ಮತ್ತು ಆಕರ್ಷಣೆ. ಪ್ರಾತ್ಯಕ್ಷಿಕೆ ಸಹಿತ." ಅಕ್ಕ ಫೋನ್ ಮಾಡಿ, "ಏನೇ ಇದು? ನಿಮ್ ಭಾವನ ಆಫೀಸಿನೋರು ಅಪಾಯಿಂಟ್‌ಮೆಂಟ್ ಕೇಳ್ತಿದಾರೆ" ಎಂದಳು.

ಪ್ರಾತ್ಯಕ್ಷಿಕೆಗೆ ಏನು ತೋರಿಸುವುದು? ನನ್ನ ಪದರ ಕಣ್ಣಿಗೆ ಕಾಣುವಂಥದ್ದಲ್ಲ. ಬಹಳ ಯೋಚಿಸಿ, ಹಾಸಿಗೆಗಿಂತ ಚಿಕ್ಕದಾದ ಬೆಡ್‌ಶೀಟ್ ಹೊದಿಸಿ ತೋರಿಸಬಹುದು ಎಂದೆ. ಕಾರ್ಯಕ್ರಮದ ದಿನ ಸಂಜೆ ದೀಪ ಹತ್ತಿಸುವ ಹೊತ್ತಿಗೆ ಸಂಘದ ಇಬ್ಬರು ಓನರ್ ಅಂಕಲ್ ಮಲಗುವ ತೆಂಗಿನ ನಾರಿನ ಡಬಲ್ ಹಾಸಿಗೆಯನ್ನು ತಲೆಯ ಮೇಲೆ ಹೊತ್ತು ವೇದಿಕೆಗೆ ತಂದರು. ಆಂಟಿ ಹೂವಿನ ಚಿತ್ತಾರದ ಸಿಂಗಲ್ ಬೆಡ್‌ಶೀಟ್ ಕೊಟ್ಟಿದ್ದರು. ಮೊದಲ ಸಾಲಿನ ಕುರ್ಚಿಗಳಲ್ಲಿ ಈ ತುದಿಗೆ ಅಂಕಲ್, ಆ ತುದಿಗೆ ಅವರಣ್ಣ. ನಡುವೆ ಊರಿನ ಹಿರಿಯರು.

ನಾನು ಮಾತು ಶುರುಮಾಡಿದೆ. ಆರ್ಕೆಸ್ಟ್ರಾದವರು ಹಿಂದೆಯೇ ಕೂತಿದ್ದರು. ನಾನು ಒಂದೊಂದು ವಾಕ್ಯ ಮುಗಿಸಿದಾಗಲೂ ರಿದಮ್ ಪ್ಯಾಡ್‌ನವನು ಒಂದೊಂದು ಪೆಟ್ಟು ಹಾಕುತ್ತಿದ್ದ. "ಪ್ರತಿಯೊಂದು ಮ್ಯಾಂಗನೀಸ್ ಪರಮಾಣುವೂ ಒಂದು ಪುಟ್ಟ ಅಯಸ್ಕಾಂತ." ಢಂ. "ಪಕ್ಕದ ಪರಮಾಣುವಿಗೆ ಎಲೆಕ್ಟ್ರಾನ್ ದಾಟಬೇಕಾದರೆ ನಡುವೆ ಇರುವ ಆಮ್ಲಜನಕವನ್ನು ಹಾದುಹೋಗಬೇಕು." ಢಢಂ. ನಿಲ್ಲಿಸಿ ಎಂದು ತಿರುಗಿ ನೋಡಿದೆ. ಅವನು ನಮಸ್ಕಾರ ಮಾಡಿದ. ಎಲೆಕ್ಟ್ರಾನ್ ಓಡಾಡುತ್ತಿದ್ದರೆ ಪರಮಾಣುಗಳೆಲ್ಲ ಒಂದೇ ದಿಕ್ಕಿಗೆ ಮುಖ ಮಾಡುತ್ತವೆ. ಪದರವನ್ನು ಎಳೆದರೆ ದಾರಿ ದೂರವಾಗುತ್ತದೆ, ಓಡಾಟ ಕಡಿಮೆಯಾಗುತ್ತದೆ, ಒಬ್ಬೊಬ್ಬರ ಮುಖ ಒಂದೊಂದು ಕಡೆಗೆ ತಿರುಗುವುದು ಸುಲಭವಾಗುತ್ತದೆ ಎಂದೆ. ಜನ ಚಪ್ಪಾಳೆ ತಟ್ಟಿದರು. ನನಗೆ ಆಶ್ಚರ್ಯ. ಸೆಮಿನಾರುಗಳಲ್ಲಿ ಈ ಜಾಗಕ್ಕೆ ಬರುವಷ್ಟರಲ್ಲಿ ಅರ್ಧ ಜನ ತೂಕಡಿಸುತ್ತಿರುತ್ತಾರೆ.

ಆಮೇಲೆ ಹಾಸಿಗೆ. ಸಂಘದ ನಾಲ್ವರು ಬೆಡ್‌ಶೀಟಿನ ನಾಲ್ಕು ಮೂಲೆ ಹಿಡಿದು ಎಳೆದರು. "ನೋಡಿ, ಹೂವಿಂದ ಹೂವಿಗೆ ದೂರ ಜಾಸ್ತಿ ಆಯ್ತಾ?" ಎಂದೆ. "ಆಯ್ತು!" ಎಂದರು ಜನ. "ಇನ್ನೂ ಎಳೀರಿ" ಎಂದು ಯಾರೋ ಕೂಗಿದರು. "ಪದರ ಎಷ್ಟು ಅಂತ ತಡ್ಕೊಳುತ್ತೆ? ಒಂದು ಹಂತಕ್ಕೆ ಬಂದಮೇಲೆ..." ಎಂದು ನಾನು ಹೇಳುತ್ತಿದ್ದ ಹಾಗೆಯೇ ಬೆಡ್‌ಶೀಟ್ ನಟ್ಟನಡುವೆ ಪರ್ರೆಂದು ಹರಿಯಿತು. ನಾಲ್ವರೂ ನಾಲ್ಕು ದಿಕ್ಕಿಗೆ ಬಿದ್ದರು. ರಿದಮ್ ಪ್ಯಾಡ್‌ನವನು ತನ್ನಲ್ಲಿದ್ದದ್ದನ್ನೆಲ್ಲ ಬಾರಿಸಿದ.

"ನಮ್ಮಮ್ಮ ಕೊಟ್ಟಿದ್ದು!" ಎಂದು ಆಂಟಿ ಚೀರಿದರು.

"ಈಗ ರಿಲ್ಯಾಕ್ಸ್ ಆಯ್ತು" ಎಂದೆ ನಾನು. ಶಾಮಿಯಾನವೆಲ್ಲ ಶಿಳ್ಳೆ, ಚಪ್ಪಾಳೆ.

ಅಷ್ಟರಲ್ಲಿ ಅಂಕಲ್‌ರ ಅಣ್ಣ ಕುರ್ಚಿಯಿಂದ ಎದ್ದು ಮೈಕ್ ಕೇಳಿದರು. ಇಸ್ತ್ರಿ ಮಾಡಿದ ಬಿಳಿ ಷರಟು, ಹೆಗಲ ಮೇಲೆ ಕೆಂಪು ಹಳದಿ ಶಲ್ಯ. ಗಂಟಲು ಸರಿಮಾಡಿಕೊಂಡು ಕೇಳಿದರು: "ಮೇಡಂ, ಬೆಡ್‌ಶೀಟು ಹರೀತು. ತಪ್ಪು ಯಾರ್‌ದು? ಬೆಡ್‌ಶೀಟಿಂದೋ, ಹಾಸಿಗೇದೋ?"

ನಾನು ಉತ್ತರ ಹುಡುಕುವ ಮೊದಲೇ ಓನರ್ ಅಂಕಲ್ ಈ ತುದಿಯಿಂದ ಎದ್ದರು. "ಹಾಸಿಗೇದು! ಅಷ್ಟಗಲ ಮೈ ಚಾಚ್ಕೊಂಡ್ ಬಿದ್ದಿದ್ರೆ ಮೇಲಿರೋದು ಎಷ್ಟೂಂತ ಹಿಗ್ಬೇಕು?"

ಅದನ್ನು ಅವರು ನನಗೆ ಹೇಳಲಿಲ್ಲ. ಅಣ್ಣನ ಮುಖ ನೋಡಿಕೊಂಡು ಅಣ್ಣನಿಗೇ ಹೇಳಿದರು. ಮುಂದಿನ ಸಾಲಿನ ಹಿರಿಯರು ಒಬ್ಬರನ್ನೊಬ್ಬರು ನೋಡಿಕೊಂಡರು.

"ಹಾಸಿಗೆ ಇಲ್ದಿದ್ರೆ ಬೆಡ್‌ಶೀಟ್ ಎಲ್ಲಿ ಹಾಸ್ಕೊತಿದ್ದೆ? ನೆಲದ್ ಮೇಲಾ?" ಎಂದರು ಅಣ್ಣ, ಮೈಕಿನಲ್ಲೇ. "ಅಪ್ಪ ಹೋದ್ಮೇಲೆ ನಿನ್ನ ಹೊತ್ಕೊಂಡಿದ್ದು ಯಾರು?"

"ಹೊತ್ಕೊಂಡ್ರಿ. ಅದಕ್ಕೆ ಹಸು ಇಟ್ಕೊಂಬಿಟ್ರಾ?"

ಹಸುವಿನ ಮಾತು ಬಂದಕೂಡಲೇ ಊರಿನವರೆಲ್ಲ ಸುಮ್ಮನಾದರು. ಬಾಡಿಗೆಯವರಾದ ನಮಗೆ ಏನೂ ತಿಳಿಯಲಿಲ್ಲ. ಆಂಟಿ ಆಮೇಲೆ ಹೇಳಿದರು: ಭಾಗವಾದಾಗ ಹೊಲ, ಮನೆ ಎಲ್ಲ ಸಲೀಸಾಗಿ ಹಂಚಿಹೋಗಿತ್ತು, ಉಳಿದದ್ದು ಒಂದು ಹಸು. ಮೇಯಲು ಹುಲ್ಲೇ ಇಲ್ಲದ ಕಾಲಕ್ಕೆ ಇಬ್ಬರಿಗೂ ಅದೇ ಬೇಕಾಗಿತ್ತು. ಅಣ್ಣ ಅದನ್ನು ತಮ್ಮದೇ ಅಂಗಳದಲ್ಲಿ ಕಟ್ಟಿಕೊಂಡರು. ಒಂದು ದಿನ ಅದು ಸತ್ತುಹೋಯಿತು. ಅಂಕಲ್ ಮಾತು ಬಿಟ್ಟರು.

"ಅದು ನಿಮ್ಮನೇಲಿ ಕೊರಗಿ ಸತ್ತೋಯ್ತು" ಎಂದರು ಅಂಕಲ್. ಅವರಿಗೆ ಮೈಕ್ ಇರಲಿಲ್ಲ, ಆದರೂ ಎಲ್ಲರಿಗೂ ಕೇಳಿಸಿತು.

"ಕೊರಗಿದ್ದು ನಿನಗೋಸ್ಕರಾನೇ ಕಣೋ" ಎಂದರು ಅಣ್ಣ. "ದಿನಾ ಸಾಯಂಕಾಲ ನಿನ್ ಗೇಟ್ ಕಡೆಗೇ ಮುಖ ಮಾಡ್ಕೊಂಡ್ ನಿಂತಿರೋದು. ಒಂದ್ ದಿನ ಬಂದು ಮೈ ಸವರಿದ್ಯಾ ನೀನು?"

ಮೈಕ್ ಕುಂಯ್ ಎಂದಿತು. ಆಮೇಲೆ ಹಿಂದಿನಿಂದ ಒಬ್ಬರು, "ಮೇಡಂ, ನೀವೇ ಹೇಳಿಬಿಡಿ, ಸೈನ್ಸ್ ಏನನ್ನುತ್ತೆ?" ಎಂದರು. ಎಲ್ಲರೂ ನನ್ನತ್ತ ತಿರುಗಿದರು. ಅಂಕಲ್ ತಿರುಗಿದರು, ಅಣ್ಣ ತಿರುಗಿದರು, ಹರಿದ ಬೆಡ್‌ಶೀಟನ್ನು ಎದೆಗವಚಿಕೊಂಡಿದ್ದ ಆಂಟಿಯೂ ತಿರುಗಿದರು.

ಹಸುವಿನ ಬಗ್ಗೆ ನನಗೇನೂ ಗೊತ್ತಿರಲಿಲ್ಲ. ಹರಳು ಮತ್ತು ಪದರದ ಬಗ್ಗೆ ಗೊತ್ತಿದ್ದುದನ್ನೇ ಹೇಳಿದೆ. ಮೇಲಿನ ಪದರ ಹಿಗ್ಗಿದರೆ ಕೆಳಗಿನ ಹರಳೂ ಅಷ್ಟಿಷ್ಟು ಕುಗ್ಗುತ್ತದೆ. ಎಳೆತ ಎರಡಕ್ಕೂ ಇದೆ. ಹರಳು ದಪ್ಪಗಿರುವುದರಿಂದ ಅದರದು ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ. "ಟೆನ್ಷನ್ ಇಬ್ರಿಗೂ ಇರುತ್ತೆ. ದಪ್ಪಗಿರೋರದ್ದು ಕಾಣ್ಸಲ್ಲ" ಎಂದೆ.

ಊರೆಲ್ಲ ಅಣ್ಣನ ಹೊಟ್ಟೆ ನೋಡಿತು. ಅವರೂ ಒಮ್ಮೆ ನೋಡಿಕೊಂಡರು. ಮೆಲ್ಲಗೆ ಮೈಕ್ ಕೆಳಗಿಟ್ಟು ಕೂತುಬಿಟ್ಟರು. ಅಂಕಲ್ ಮಾತ್ರ ನಿಂತೇ ಇದ್ದರು. ಸಂಘದ ಕಾರ್ಯದರ್ಶಿ ಓಡಿಬಂದು ನನ್ನ ತಲೆಗೆ ಪೇಟ ಇಟ್ಟು, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟರು. ಪೇಟ ದೊಡ್ಡದಾಗಿ ಕಣ್ಣ ಮೇಲೆ ಇಳಿಯಿತು. ಅದನ್ನು ಮೇಲೆತ್ತಿ ನೋಡುವಷ್ಟರಲ್ಲಿ ಆರ್ಕೆಸ್ಟ್ರಾ ಶುರುವಾಗಿತ್ತು. ಅಂಕಲ್ ಅಣ್ಣನ ಪಕ್ಕದ ಕುರ್ಚಿಯ ಹಿರಿಯರನ್ನು ಎಬ್ಬಿಸಿ ಅಲ್ಲಿ ಕೂತಿದ್ದರು. ಇಬ್ಬರೂ ನೆಟ್ಟಗೆ ಮುಂದಕ್ಕೆ ನೋಡುತ್ತ ಏನೋ ಕಚ್ಚಾಡುತ್ತಿದ್ದರು. ಹಾಡಿನ ಗದ್ದಲದಲ್ಲಿ ಏನೂ ಕೇಳಿಸಲಿಲ್ಲ.

ಉಪನ್ಯಾಸದ ವಿಡಿಯೋ ವಾಟ್ಸಾಪಿನಲ್ಲಿ ಊರೆಲ್ಲ ಸುತ್ತಿ ನನ್ನ ಗೈಡ್‌ಗೂ ತಲುಪಿತು. ಅವರು ನಗುವ ಮನುಷ್ಯರಲ್ಲ. ಕೋಣೆಗೆ ಕರೆದು ಬಾಗಿಲು ಹಾಕಿದರು. ಪಿಎಚ್‌ಡಿ ಹೋಯಿತು ಎಂದುಕೊಂಡೆ. ವಿಡಿಯೋವನ್ನು ಒಂದು ಕಡೆ ನಿಲ್ಲಿಸಿ, "ಬೆಡ್‌ಶೀಟ್ ಹರಿಯೋದನ್ನ ರಿಲ್ಯಾಕ್ಸೇಷನ್ ಅಂದಿದೀರಿ. ನಿಮ್ಮ ಪದರದಲ್ಲಿ ಆಗೋದು ಹರಿಯೋದಲ್ಲ; ಪರಮಾಣುಗಳ ಸಾಲು ತಪ್ಪುತ್ತೆ. ಜನಕ್ಕೆ ತಪ್ಪು ಮಾಹಿತಿ ಹೋಗಿದೆ" ಎಂದರು. ಆಮೇಲೆ, "ಕೊನೇ ಉತ್ತರ ಸರಿಯಾಗಿದೆ. ಅದನ್ನ ಪ್ರಬಂಧದಲ್ಲೂ ಸೇರಿಸಿ" ಎಂದರು. ಸೇರಿಸಿದೆ. ಹಸುವನ್ನು ಸೇರಿಸಲಿಲ್ಲ.

ಬೀದಿಯಲ್ಲಿ ಅಣ್ಣತಮ್ಮಂದಿರು ರಾಜಿಯಾದರು ಎಂದು ಜನ ಹೇಳುತ್ತಿದ್ದರು. ನಾನು ಕಂಡ ಮಟ್ಟಿಗೆ ಅವರು ಜಗಳ ಶುರುಮಾಡಿದ್ದರು. ಬೆಳಗಾದರೆ ಅಣ್ಣ ರಸ್ತೆ ದಾಟಿ ಬಂದು ಗೇಟಿನ ಹತ್ತಿರ ನಿಲ್ಲುವರು; ಟ್ಯಾಂಕು, ಚರಂಡಿ, ಸತ್ತುಹೋದ ಸೋದರತ್ತೆಯ ಸ್ವಭಾವ, ಎಲ್ಲದರ ಬಗ್ಗೆಯೂ ವಾದ. ಆಂಟಿ ಒಳಗಿನಿಂದ ಕಾಫಿ ಕಳಿಸುವರು. ಅದರ ಸಕ್ಕರೆಯ ಬಗ್ಗೆಯೂ ವಾದ.

ಡಿಗ್ರಿ ಮುಗಿದಮೇಲೆ ನನಗೆ ಒಂದು ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು. ಹೊಸಕೆರೆಹಳ್ಳಿಗೆ ಮನೆ ಬದಲಾಯಿಸಿದೆ. ಸಾಮಾನು ಸಾಗಿಸಲು ಟೆಂಪೋ ಬಂದ ದಿನ ಇಬ್ಬರೂ ರಸ್ತೆಯಲ್ಲಿ ನಿಂತಿದ್ದರು. ಫ್ರಿಜ್ಜನ್ನು ಮಲಗಿಸಿ ಒಯ್ಯಬಹುದು ಎಂದು ತಮ್ಮ, ನಿಲ್ಲಿಸಿಯೇ ಒಯ್ಯಬೇಕು ಎಂದು ಅಣ್ಣ.

"ನಿಂಗೇನೋ ಗೊತ್ತು ಫ್ರಿಜ್ ವಿಷ್ಯ?"

"ನಿಮ್ಮನೇಲಿ ಫ್ರಿಜ್ ಬರೋಕ್ ಮುಂಚೆ ನಮ್ಮನೇಗ್ ಬಂದಿತ್ತು!"

"ಇಬ್ರೂ ಆಚೆ ಬನ್ನಿ ಸಾರ್" ಎಂದು ಟೆಂಪೋ ಡ್ರೈವರ್ ಫ್ರಿಜ್ಜನ್ನು ಅಡ್ಡವೂ ಅಲ್ಲದ, ನೆಟ್ಟಗೂ ಅಲ್ಲದ ಒಂದು ಓರೆಯಲ್ಲಿ ಒರಗಿಸಿ ಹಗ್ಗ ಬಿಗಿದ. ಆಂಟಿ ನನ್ನ ಕೈಗೆ ಅವರೆಕಾಳಿನ ಡಬ್ಬಿ ಕೊಟ್ಟು ಅತ್ತರು. ನಾನೂ ಅತ್ತೆ. ಆ ಇಬ್ಬರು ಅದನ್ನು ಗಮನಿಸಲೇ ಇಲ್ಲ.

ಹೊಸ ಮನೆಯಲ್ಲಿ ಮಾರನೆಯ ದಿನ ಪ್ಲಗ್ ಹಾಕಿದರೆ ಫ್ರಿಜ್ ಗೊರಗೊರ ಎಂದು ಸುಮ್ಮನಾಯಿತು. ಓನರ್ ಅಂಕಲ್‌ಗೆ ಪರಿಚಯದ ರಿಪೇರಿಯವರು ಯಾರಾದರೂ ಇದ್ದಾರೆಯೇ ಎಂದು ಕೇಳಲು ಫೋನ್ ಮಾಡಿದೆ. ಎತ್ತಿದವರು ಅವರಣ್ಣ.

"ಅವನು ಸ್ನಾನಕ್ ಹೋಗವ್ನೆ. ಏನಮ್ಮ, ಏನಾಯ್ತು?"

ಹೇಳಿದೆ. ಅತ್ತ ಕಡೆಯಿಂದ ಬಚ್ಚಲಮನೆಯ ಬಾಗಿಲು ದಬದಬ ಬಡಿಯುವ ಸದ್ದು, ಅದರ ಹಿಂದೆಯೇ ಅವರ ಸಂತೋಷ ತುಂಬಿದ ದನಿ: "ಲೋ, ಬೇಗ ಬಾರೋ ಆಚೆ. ಫ್ರಿಜ್ ಕೆಟ್ಟೋಯ್ತಂತೆ. ನಾನ್ ಹೇಳ್ಲಿಲ್ವಾ?"